ಬಾಟಲಿಗೊಂದು ಜಾಗ

ಔಷಧಿ ಅಂಗಡಿಯೊಳಗೆ ಬರಬೇಡ ಅಂತ ಘಾಲಿಯಾಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ. ಅವಳು ಹೊರಗೆ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಅವಳ ತಾಯಿಯೂ ಅಲ್ಲೇ ನಿಂತಿದ್ದಳು, ಆಗ ಅಂಗಡಿ ಈಗಿನ ಯಜಮಾನನ ಅಪ್ಪನದಾಗಿತ್ತು. ಕೌಂಟರಿನ ಹುಡುಗ ನಜೀಬ್ ಬಂದವರನ್ನೆಲ್ಲ ಕಳಿಸಿ, ಮೊಬೈಲ್ ನೋಡಿ, ಕೆನ್ನೆಯಲ್ಲಿ ತುಂಬಿಕೊಂಡ ನಶೆಯ ಖಾತ್ ಎಲೆಯನ್ನು ಒಂದು ಸಲ ನಾಲಿಗೆಯಿಂದ ಒತ್ತಿ, ಆಮೇಲೆ ಅವಳ ಕಡೆ ಗಲ್ಲ ಎತ್ತುತ್ತಿದ್ದ. ಏನು, ಅಂತ. ಅವಳಿಗಿಂತ ತಡವಾಗಿ ಬಂದವರು ಅವಳಿಗಿಂತ ಮೊದಲು ಹೋಗುತ್ತಿದ್ದರು. ಜ್ವರದ ಮಾತ್ರೆ ಕೇಳಿದರೆ ಪೊಟ್ಟಣವನ್ನು ಮೆಟ್ಟಿಲ ಅಂಚಿಗೆ ಎಸೆಯುತ್ತಿದ್ದ. ಬಗ್ಗಿ ಎತ್ತಿಕೊಳ್ಳಬೇಕು. ದಿನವೆಲ್ಲ ಬಗ್ಗಿದ ಸೊಂಟ, ಇನ್ನೊಂದು ಸಲ ಬಗ್ಗಿದರೆ ಏನಾಯಿತು ಅಂತ ಅವಳೂ ಬಗ್ಗುತ್ತಿದ್ದಳು.

ಆ ಬೀದಿಯನ್ನು ಗುಡಿಸುವವಳು ಅವಳೇ. ಪುರಸಭೆಯ ಕಿತ್ತಳೆ ಬಣ್ಣದ ಅಂಗಿ, ಮುಖಕ್ಕೆ ಸುತ್ತಿದ ಬಟ್ಟೆ, ಉದ್ದ ಹಿಡಿಯ ಪೊರಕೆ. ಮೀನಿನ ಕರುಳು, ಕೊಳೆತ ಮಾವು, ಅಗಿದು ಉಗಿದ ಖಾತ್, ಮಕ್ಕಳ ಹೇಲಿನ ಬಟ್ಟೆ. ಮಾರುಕಟ್ಟೆ ಏಳುವ ಮೊದಲು ಒಂದು ಸುತ್ತು, ಮಧ್ಯಾಹ್ನ ಮಲಗಿದ ಮೇಲೆ ಒಂದು ಸುತ್ತು. ಕಾಗೆಗಳು ಅವಳ ಹಿಂದೆ ಹಿಂದೆ ಬರುತ್ತಿದ್ದವು. ಆ ಅರಬ್ ಬಂದರು ಊರು ಏಡನ್‌ನಲ್ಲಿ ಅವಳನ್ನು ನೋಡಿ ದೂರ ಸರಿಯದವು ಅಂದರೆ ಆ ಕಾಗೆಗಳೇ.

ಅವರ ಜನಕ್ಕೆ ಊರು ಇಟ್ಟ ಹೆಸರು ಅಖ್ದಾಮ್. ಆಳುಗಳು ಅಂತ ಅರ್ಥ. ಮೈ ಕಪ್ಪು, ಕೈಯಲ್ಲಿ ಪೊರಕೆ, ಮಳೆನೀರಿನ ಕಾಲುವೆ ಪಕ್ಕದಲ್ಲಿ ತಗಡು ಗೋಣಿಯ ಗುಡಿಸಲು. ಈಚೆಗೆ ಸರ್ಕಾರದ ಕಾಗದಗಳಲ್ಲಿ ‘ಅಂಚಿಗೆ ತಳ್ಳಲ್ಪಟ್ಟವರು’ ಅಂತ ಬರೆಯುತ್ತಾರಂತೆ. ತಳ್ಳಿದವರು ಯಾರು ಅಂತ ಬರೆದಿಲ್ಲ.

ಘಾಲಿಯಾಗೆ ಒಬ್ಬಳೇ ಮಗಳು, ಅಫ್ರಾಹ್. ಹದಿನಾರು ವರ್ಷ. ನಾಲಿಗೆ ಉದ್ದ, ಮೈಯಲ್ಲಿ ಮಾಂಸ ಇಲ್ಲ. ಕಳೆದ ಚಳಿಗಾಲದಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಬೆಳಿಗ್ಗೆ ಸಂಜೆ ಸೂಜಿ. ಬದುಕಿರುವವರೆಗೂ ಸೂಜಿ, ಒಂದು ದಿನ ತಪ್ಪಬಾರದು, ಅಂದಿದ್ದರು. ಸರ್ಕಾರಿ ದವಾಖಾನೆಯಲ್ಲಿ ಸಾಲು ನಿಂತರೆ ಇನ್ಸುಲಿನ್ ಬಾಟಲಿ ಬಿಟ್ಟಿ ಕೊಡುತ್ತಿದ್ದರು. ಕೊಡುವಾಗ ಅಲ್ಲಿನವನು ಒಂದೇ ಮಾತು ಹೇಳಿದ್ದ. ತಣ್ಣಗಿಡು, ಶೆಕೆಗೆ ಕೆಡುತ್ತೆ. ಘಾಲಿಯಾ ಆ ಮಾತನ್ನು ಕಲಿಮಾ ಕಲಿತ ಹಾಗೆ ಕಲಿತಳು. ತಣ್ಣಗಿಡು, ತಣ್ಣಗಿಡು.

ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂತು. ಬೇಸಿಗೆಯಲ್ಲಿ ಏಡನ್‌ನ ಕರೆಂಟು ಬಡವರ ಮನೆಗೆ ಬಂದ ಸಾಹುಕಾರ ನೆಂಟನ ಹಾಗೆ. ಬಂದರೆ ಬಂತು, ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಎದ್ದು ಹೋಯಿತು. ಗುಡಿಸಲುಗಳಿಗಂತೂ ಅದೂ ಇಲ್ಲ. ತಗಡಿನ ಕೆಳಗೆ ಮೇಣದ ಬತ್ತಿ ತಾನಾಗಿ ಬಾಗುತ್ತಿತ್ತು. ಮಡಕೆಯಲ್ಲಿಟ್ಟರೆ ತಂಪಾಗುತ್ತೆ ಅಂತ ಯಾರೋ ಅಂದರು. ಗಾಳಿಯೇ ಬೆವರುವ ಊರಿನಲ್ಲಿ ಮಡಕೆ ಎಲ್ಲಿ ತಂಪಾಗುತ್ತೆ.

ಬೀದಿಯಲ್ಲಿ ಒಂದು ವಾಡಿಕೆ ಇತ್ತು. ಔಷಧಿ ಅಂಗಡಿಯ ಮಾಳಿಗೆ ಮೇಲೆ ಸೋಲಾರ್ ಇತ್ತು, ಒಳಗೆ ಹಗಲೂ ರಾತ್ರಿ ನಿಲ್ಲದ ಫ್ರಿಜ್ಜು. ಬೀದಿಯ ಸಕ್ಕರೆ ಕಾಯಿಲೆಯವರೆಲ್ಲ ತಮ್ಮ ತಮ್ಮ ಬಾಟಲಿಯನ್ನು ಅದರಲ್ಲೇ ಇಡುತ್ತಿದ್ದರು. ನಡುವಿನ ಕಂಬಿ ತಟ್ಟೆಯ ಮೇಲೆ ಸಾಲಾಗಿ, ಹೆಸರಿನ ಚೀಟಿ ಅಂಟಿಸಿ. ಹೊತ್ತಿಗೆ ಬಂದು ತಮ್ಮದನ್ನು ಈಸಿಕೊಂಡು, ಸಿರಿಂಜಿಗೆ ಎಳೆದುಕೊಂಡು, ಬಾಟಲಿ ವಾಪಸ್ಸು ಕೊಟ್ಟು ಹೋಗುವುದು. ಅದಕ್ಕೆ ಬಾಡಿಗೆ ಇಲ್ಲ. ಸಂಜೆ ಅಲ್ಲಿ ಸೇರಿದವರು ನಿನ್ನದು ಎಷ್ಟಿದೆ ನನ್ನದು ಎಷ್ಟಿದೆ ಅಂತ ಸಕ್ಕರೆಯ ಸುದ್ದಿ ಮಾತಾಡಿಕೊಳ್ಳುತ್ತಿದ್ದರು, ಮಕ್ಕಳ ಮದುವೆ ಸುದ್ದಿ ಮಾತಾಡಿದ ಹಾಗೆ.

ಘಾಲಿಯಾ ಅಂಗಡಿ ಯಜಮಾನ ಅಬ್ದುಲ್ ಬಾರಿಯನ್ನು ಕಾರು ಹತ್ತುವಾಗ ತಡೆದು ಕೇಳಿದಳು. ಅವನನ್ನು ಎಲ್ಲರೂ ಡಾಕ್ಟ್ರು ಅನ್ನುತ್ತಿದ್ದರು. ಮಾತು ಬೆಣ್ಣೆ. ಕಾಯಿಲೆಗೆ ಮೇಲಿನವರು ಕೆಳಗಿನವರು ಅಂತ ಇಲ್ಲ, ನಜೀಬ್ ಕೈಗೆ ಕೊಡು ತಾಯಿ, ಅಂದ. ಆ ದಿನ ಘಾಲಿಯಾ ಗುಡಿಸುತ್ತ ಗುಡಿಸುತ್ತ ಅವನ ಅಪ್ಪನ ಗೋರಿಗೂ ಒಳ್ಳೆಯದಾಗಲಿ ಅಂತ ಹಾರೈಸಿದಳು.

ಮೊದಲು ನಾಲ್ಕಾರು ದಿನ ಅವಳ ಬಾಟಲಿಯೂ ಕಂಬಿ ತಟ್ಟೆಯ ಮೇಲೇ ಇತ್ತು. ಮೆಟ್ಟಿಲ ಮೇಲೆ ನಿಂತರೆ ಫ್ರಿಜ್ಜು ತೆಗೆದಾಗ ಕಾಣುತ್ತಿತ್ತು. ಒಂದು ಬೆಳಿಗ್ಗೆ ನಜೀಬ್ ಅದನ್ನು ಪ್ಲಾಸ್ಟಿಕ್ ಚೀಲದ ಕಿವಿ ಹಿಡಿದು, ಎರಡೇ ಬೆರಳಲ್ಲಿ ತೂಗುತ್ತ ತಂದು ಮೆಟ್ಟಿಲ ಮೇಲಿಟ್ಟ. ಎತ್ತಿಕೊಂಡರೆ ಕಲ್ಲು. ಒಳಗಿನ ಔಷಧಿ ಅಲ್ಲಾಡುತ್ತಿರಲಿಲ್ಲ. ಬಾಟಲಿಯ ಮೈಗೆ ಬಿಳಿ ಹಿಮ ಹತ್ತಿತ್ತು.

ಇದೇನು ಅಂತ ಕೇಳಿದಳು.

“ಮೇಲೆ ಫ್ರೀಜರಲ್ಲಿ ಇಟ್ಟಿದೀನಿ. ಅವರದೆಲ್ಲ ಒಂದೇ ಹಜಾರದಲ್ಲಿ, ನಿನಗೆ ಮಾತ್ರ ಬೇರೆ ಕೋಣೆ. ರಾಣಿಯಲ್ಲವಾ ನೀನು?” ಅಂದ ನಜೀಬ್. ಒಳಗೆ ಯಾರೋ ನಕ್ಕರು.

ನಕ್ಕಿದ್ದು ಅವಳಿಗೆ ಕೇಳಿಸಿತು. ಆದರೂ ಅವಳು ನಂಬಿದಳು. ಯಾಕೆ ನಂಬಬಾರದು? ಆ ಊರಿನಲ್ಲಿ ಆ ತಿಂಗಳಲ್ಲಿ ಹಿಮಕ್ಕಿಂತ ದೊಡ್ಡದು ಏನಿದೆ? ಮಂಜುಗಡ್ಡೆ ಮಾರುವವನ ಗಾಡಿ ಹಿಂದೆ ಮಕ್ಕಳು ತೊಟ್ಟಿಕ್ಕುವ ನೀರಿಗೆ ಬಾಯಿ ಒಡ್ಡಿ ಓಡುತ್ತಾರೆ. ಮದುವೆಗೆ ಹೋದವರು ಊಟ ಹೇಗಿತ್ತು ಅನ್ನುವ ಮೊದಲು ನೀರು ತಣ್ಣಗಿತ್ತಾ ಅಂತ ಕೇಳುತ್ತಾರೆ. ತಣ್ಣಗಿಡು ಅಂದಿದ್ದರು; ಇವರು ಎಲ್ಲಕ್ಕಿಂತ ತಣ್ಣನೆಯ ಜಾಗ ಕೊಟ್ಟಿದ್ದಾರೆ. ಬೀದಿಯಲ್ಲಿ ಬೇರೆ ಯಾರಿಗೂ ಸಿಗದ ಜಾಗ ತನ್ನ ಮಗಳ ಬಾಟಲಿಗೆ ಸಿಕ್ಕಿದೆ.

ಬಾಟಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಗೆ ನಡೆಯುತ್ತಿದ್ದಳು. ಗುಡಿಸಲು ಮುಟ್ಟುವ ಹೊತ್ತಿಗೆ ಔಷಧಿ ಕರಗಿರುತ್ತಿತ್ತು, ಅಂಗೈ ಮರಗಟ್ಟಿರುತ್ತಿತ್ತು. ಅಫ್ರಾಹ್ ಆ ಅಂಗೈಯನ್ನು ಕಿತ್ತುಕೊಂಡು ತನ್ನ ಕತ್ತಿಗೆ ಒತ್ತಿಕೊಳ್ಳುತ್ತಿದ್ದಳು. ಸೂಜಿಗಿಂತ ಇದೇ ಚೆನ್ನಾಗಿದೆ ಕಣಮ್ಮ, ಅನ್ನುತ್ತಿದ್ದಳು. ಆಮೇಲೆ ಘಾಲಿಯಾ ಬಾಟಲಿಯನ್ನು ಮತ್ತೆ ಅಂಗಡಿಗೆ ಮುಟ್ಟಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಮತ್ತೆ ಕಲ್ಲು. ಮತ್ತೆ ಮುಷ್ಟಿ.

ಋಣ ಇಟ್ಟುಕೊಳ್ಳುವುದು ಅವಳಿಗೆ ಆಗದು. ತಿನ್ನುವುದು ಏನಾದರೂ ಮಾಡಿಕೊಟ್ಟರೆ ಅವರು ತಿನ್ನುವುದಿಲ್ಲ. ಹಾಗಾಗಿ ಅಂಗಡಿಯ ಮುಂದಿನ ಜಾಗವನ್ನು ಎರಡು ಸಲ ಗುಡಿಸಿದಳು. ನೀರು ಚಿಮುಕಿಸಿದಳು. ಹಿಂದಿನ ಓಣಿಯಲ್ಲಿ ಅವರು ಎಸೆದಿದ್ದ ಸೂಜಿ, ಒಡೆದ ಗಾಜು, ರಕ್ತದ ಹತ್ತಿ, ಎಲ್ಲ ಬರಿಗೈಯಲ್ಲಿ ಬಾಚಿದಳು. ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಚೀಪಿ ಉಗಿದು ಮುಂದಕ್ಕೆ ಗುಡಿಸಿದಳು.

ಅಫ್ರಾಹ್ ಒಣಗತೊಡಗಿದಳು.

ಮೊದಲು ಬಾಯಾರಿಕೆ. ಕೊಡ ನೀರು ಕುಡಿದರೂ ಸಾಲದು. ಆಮೇಲೆ ಗಳಿಗೆಗೊಂದು ಸಲ ಉಚ್ಚೆ. ಗುಡಿಸಲುಗಳ ಹೆಂಗಸರು ಕತ್ತಲಾದ ಮೇಲಷ್ಟೇ ಕಾಲುವೆಯ ಆ ಬದಿಗೆ ಹೋಗಬೇಕು. ಹಗಲು ತಡೆದುಕೊಳ್ಳಲಾಗದೆ ಹುಡುಗಿ ಡಬ್ಬಿ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಕೆನ್ನೆ ಒಳಗೆ ಹೋಯಿತು. ಮೂಳೆ ಮೇಲೆ ಬಂತು. ಹೊತ್ತಿಗೆ ಸರಿಯಾಗಿ ಸೂಜಿ ಹೋಗುತ್ತಿದೆ, ಔಷಧಿ ಹಿಮದ ಹಾಗಿದೆ, ಆದರೂ ಯಾಕೆ?

ಘಾಲಿಯಾ ಮೆಟ್ಟಿಲ ಮೇಲೆ ನಿಂತು ಡಾಕ್ಟ್ರನ್ನು ಕರೆದಳು. ಅವನು ಯಾರದೋ ಬಿಪಿ ನೋಡುತ್ತಿದ್ದ. ಕಾದಳು. ಅವನು ಚಹಾ ಕುಡಿದ. ಕಾದಳು. ಕೊನೆಗೆ ಮಗಳ ಸ್ಥಿತಿ ಕೇಳಿಕೊಂಡು, ಕೌಂಟರಿನ ಆಚೆಯಿಂದಲೇ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಕದ್ದು ತಿಂತಿರ್ತಾಳೆ ಅಂದ. ಖರ್ಜೂರ, ಹಲ್ವಾ, ಸಿಕ್ಕಿದ್ದು. ನಿಮ್ಮ ಜನಕ್ಕೆ ಬಾಯಿ ಕಟ್ಟೋದು ಗೊತ್ತಿಲ್ಲ ತಾಯಿ, ಔಷಧಿ ಬಿಟ್ಟಿ ಸಿಗುತ್ತೆ ಅಂತ ಬೇಕಾದ್ದು ತಿಂದ್ರೆ ನಾನೇನು ಮಾಡ್ಲಿ, ಅಂದ. ಫ್ರಿಜ್ಜಿಗೆ ಆನಿಕೊಂಡೇ ಹೇಳಿದ. ದಿನಕ್ಕೆ ಎಷ್ಟು ಸಲ ಅದನ್ನು ತೆಗೆಯುತ್ತಾನೋ. ತೆಗೆದಾಗಲೆಲ್ಲ ಕಣ್ಣೆತ್ತಿದರೆ ಮೇಲೆ ಫ್ರೀಜರು.

ಘಾಲಿಯಾ ಮನೆಗೆ ಬಂದು ಮಗಳ ಹಾಸಿಗೆ ಜಾಡಿಸಿದಳು. ದಿಂಬಿನ ಕೆಳಗೆ ನೋಡಿದಳು, ಚಿಂದಿಯ ಗಂಟು ಬಿಚ್ಚಿದಳು. ಏನೂ ಸಿಗಲಿಲ್ಲ. ಆಮೇಲೆ ಮಗಳ ಗಲ್ಲ ಹಿಡಿದು ಬಾಯಿ ಮೂಸಿದಳು. ಹಣ್ಣಿನ ವಾಸನೆ. ಕಳಿತು ಒಡೆದ ಹಣ್ಣಿನ ವಾಸನೆ, ತಪ್ಪುವ ಹಾಗೇ ಇಲ್ಲ. ಮಾರುಕಟ್ಟೆಯಲ್ಲಿ ದಿನವೂ ಅವಳು ಗುಡಿಸುವ ವಾಸನೆ.

“ಏನು ತಿಂದೆ?”

“ಏನೂ ಇಲ್ಲಮ್ಮ.”

“ಬಾಯಿ ನಾರ್ತಿದೆ. ಏನು ತಿಂದೆ ಹೇಳೇ.”

“ಕುರಾನಿನಾಣೆ ಏನೂ ತಿಂದಿಲ್ಲ.”

ಘಾಲಿಯಾ ಹೊಡೆದಳು. ಪೊರಕೆ ಹಿಡಿದು ಗಟ್ಟಿಯಾದ ಕೈ. ಹುಡುಗಿ ಬಿದ್ದಳು. ಬಿದ್ದಲ್ಲಿಂದ ಏಳುವ ಪ್ರಯತ್ನವನ್ನೂ ಮಾಡಲಿಲ್ಲ. ಹಾಗೇ ಮಲಗಿ, ನೀರು ಕೊಡಮ್ಮ, ಅಂದಳು.

ಮರುದಿನ ಮಧ್ಯಾಹ್ನ ಅವಳ ಉಸಿರು ಬದಲಾಯಿತು. ದೊಡ್ಡ ದೊಡ್ಡದಾಗಿ, ಗುಡ್ಡ ಹತ್ತಿ ಬಂದವರ ಹಾಗೆ ಎಳೆಯುತ್ತಿದ್ದಳು. ಕರೆದರೆ ಕಣ್ಣು ಬಿಡಲಿಲ್ಲ. ಪಕ್ಕದ ಗುಡಿಸಲಿನ ಫರಜ್ ಹತ್ತಿರ ಒಂದು ಹಳೆ ಮೋಟಾರ್ ಸೈಕಲ್ಲಿತ್ತು. ಅವನು ಮುಂದೆ, ಘಾಲಿಯಾ ಹಿಂದೆ, ನಡುವೆ ಹುಡುಗಿಯನ್ನು ಬಟ್ಟೆಯಿಂದ ಇಬ್ಬರಿಗೂ ಸೇರಿಸಿ ಕಟ್ಟಿಕೊಂಡರು. ದಾರಿಯುದ್ದಕ್ಕೂ ಮಗಳ ತಲೆ ಘಾಲಿಯಾಳ ಎದೆಗೆ ಬಡಿಯುತ್ತಿತ್ತು. ಪ್ರತಿ ಗುಂಡಿಗೂ ಒಂದು ಬಡಿತ. ಬಾಯಿಂದ ಅದೇ ಹಣ್ಣಿನ ವಾಸನೆ.

ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ನೆಲದ ಮೇಲೆ ಮಲಗಿಸಿ ನರಕ್ಕೆ ನೀರು ಹಾಕಿದರು. ಅಲ್ಲಿದ್ದ ನರ್ಸು ವಯಸ್ಸಾದವಳು, ಕಾಲು ಬಾತಿತ್ತು, ಮಾತಾಡಲೂ ದಣಿವು. ಆದರೆ ಕೂತು ಕೇಳಿದಳು. ಸೂಜಿ ಹಾಕ್ತಿದ್ದೆಯಾ? ಹಾಕ್ತಿದ್ದೆ. ತಪ್ಪಿಸಿದೆಯಾ? ಒಂದು ದಿನವೂ ಇಲ್ಲ. ಶೆಕೆಯಲ್ಲಿಟ್ಟಿದ್ದೆಯಾ?

“ಇಲ್ಲ ತಾಯಿ. ಹಿಮದಲ್ಲಿ. ಔಷಧಿ ಅಂಗಡೀಲಿ ಬೇರೆ ಜಾಗ ಕೊಟ್ಟಿದ್ರು. ದಿನಾ ಕಲ್ಲಾಗಿರೋದು. ನಾನು ಕೈಯಲ್ಲೇ ಕರಗಿಸ್ತಿದ್ದೆ,” ಅಂದಳು ಘಾಲಿಯಾ. ಅಷ್ಟು ಹೊತ್ತಿನಲ್ಲೂ ಆ ಮಾತಿನಲ್ಲಿ ಒಂದು ಚೂರು ಹೆಮ್ಮೆ ಇತ್ತು.

ಆ ಬೆಳಿಗ್ಗೆ ಅಂಗಡಿಗೆ ವಾಪಸ್ಸು ಮುಟ್ಟಿಸದೆ ಘಾಲಿಯಾಳ ಹತ್ತಿರವೇ ಉಳಿದಿದ್ದ ಬಾಟಲಿಯನ್ನು ನರ್ಸು ಬೆಳಕಿಗೆ ಹಿಡಿದಳು. ಒಳಗೆ ಮೊಸರು ಒಡೆದ ಹಾಗೆ ಸಣ್ಣ ಸಣ್ಣ ಬಿಳಿ ಚೂರು ತೇಲುತ್ತಿದ್ದವು.

“ಒಂದು ಸಲ ಹೆಪ್ಪುಗಟ್ಟಿದ್ರೆ ಸಾಕಮ್ಮ, ಇದು ಸತ್ತ ಹಾಗೆ. ಇಷ್ಟು ದಿನ ನೀನು ಮಗಳಿಗೆ ಹಾಕಿದ್ದು ನೀರು. ಔಷಧಿ ಅಂಗಡಿಯವನಿಗೆ ಇದು ಗೊತ್ತಿರಲ್ವಾ? ಅವನು ಓದೋ ಮೊದಲ ಪಾಠ ಇದು.”

ಆ ಬಾಯಿ ವಾಸನೆ ಯಾತರದು ಅಂತ ಘಾಲಿಯಾ ಕೇಳಿದಳು. ಔಷಧಿ ಸಿಗದೆ ಇದ್ದಾಗ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತೆ, ಅದರ ವಾಸನೆ, ಅಂದಳು ನರ್ಸು. ಹುಡುಗಿ ಏನನ್ನೂ ಕದ್ದು ತಿಂದಿಲ್ಲ. ತನ್ನನ್ನೇ ತಾನು ತಿಂದುಕೊಂಡಿದ್ದಳು.

ಘಾಲಿಯಾ ಆಸ್ಪತ್ರೆಯ ಗೋಡೆಗೆ ಒರಗಿ ಕೂತಳು. ಅಳು ಬರಲಿಲ್ಲ. ಹೊಡೆದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಅಫ್ರಾಹ್ ಉಳಿದಳು. ಮನೆಗೆ ಬಂದ ದಿನ ಅವಳ ಕೈಗಳು ಹಕ್ಕಿ ಕಾಲಿನ ಹಾಗಿದ್ದವು, ನಾಲಿಗೆ ಮಾತ್ರ ಮೊದಲಿನದೇ. ತಾಯಿ ಮುಖ ಕೊಟ್ಟು ಮಾತಾಡದೆ ಇದ್ದದ್ದನ್ನು ನೋಡಿ, ಆ ಏಟು ಡಾಕ್ಟ್ರಿಗೆ ಸೇರಬೇಕಾದ್ದು ಕಣಮ್ಮ, ತಪ್ಪಿ ನಮ್ಮನೆಗೆ ಬಂತು, ವಾಪಸ್ ಮುಟ್ಟಿಸಿ ಬಾ, ಅಂದಳು. ನರ್ಸು ಆಸ್ಪತ್ರೆಯಿಂದ ಹೊಸ ಬಾಟಲಿ ಕೊಟ್ಟಿದ್ದಳು. ಶೆಕೆಯಲ್ಲಿಡಬೇಡ, ಹಿಮದಲ್ಲೂ ಇಡಬೇಡ, ಎಲ್ಲರದನ್ನೂ ಇಡೋ ಕಡೆ ಇಡು, ಅಂದಿದ್ದಳು.

ಎಲ್ಲರದನ್ನೂ ಇಡೋ ಕಡೆ.

ಸಂಜೆ ನಾಲ್ಕರ ನಮಾಜು ಮುಗಿದು ಜನ ಅಂಗಡಿಗೆ ಸೇರುವ ಹೊತ್ತು. ಘಾಲಿಯಾ ಕೆಲಸದಿಂದ ಬಂದವಳು ಬಾಟಲಿ ಎತ್ತಿಕೊಂಡು ಹೊರಟಳು. ಮೈ ತೊಳೆದುಕೊಂಡು ಹೋಗು, ಇಲ್ಲಾಂದ್ರೆ ಅದನ್ನೇ ಎತ್ತಿ ಆಡ್ತಾರೆ, ಅಂದಳು ಮಗಳು.

“ತೊಳೆದ್ರೆ ಹೋಗೋ ಕೊಳೆಯಾಗಿದ್ರೆ ನಿನ್ನಜ್ಜಿ ಕಾಲದಲ್ಲೇ ಹೋಗ್ತಿತ್ತು,” ಅಂದಳು ಘಾಲಿಯಾ. ಕಿತ್ತಳೆ ಅಂಗಿಯಲ್ಲೇ ನಡೆದಳು.

ಅವಳಿಗೆ ಸಿಟ್ಟು ಬಂದಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟಿಗೆ ತ್ರಾಣ ಬೇಕು. ಆಸ್ಪತ್ರೆಯ ನೆಲದ ಮೇಲೆ ನಿದ್ದೆಗೆಟ್ಟು, ಬಂದ ಮೇಲೆ ಬಿಟ್ಟ ಕೆಲಸವನ್ನೆಲ್ಲ ಸೇರಿಸಿ ಗುಡಿಸಿ ಬಂದಿದ್ದಳು. ಅವಳಿಗೆ ಕೂರಬೇಕಿತ್ತು. ಅಷ್ಟೇ. ಮೆಟ್ಟಿಲು ಬಂತು. ನಿಲ್ಲಲಿಲ್ಲ. ಒಳಗೆ ಹೋದಳು. ಫ್ಯಾನಿನ ಕೆಳಗೆ ಗಿರಾಕಿಗಳಿಗೆ ಅಂತ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯೊಂದು ಖಾಲಿ ಇತ್ತು. ಕೂತಳು.

ಪಕ್ಕದ ಕುರ್ಚಿಯಲ್ಲಿದ್ದವಳು, ಮಗನ ಹೆಸರು ಹಿಡಿದು ಬೀದಿಯೆಲ್ಲ ಕರೆಯುವ ನಾಜಿಯ ತಾಯಿ, ಬಟ್ಟೆ ಅಂಗಡಿಯವರ ಮನೆಯಾಕೆ, ಬೀದಿಯಲ್ಲಿ ಎಲ್ಲಕ್ಕಿಂತ ಹಳೆಯ ಸಕ್ಕರೆ ಕಾಯಿಲೆ ಅವಳದು. ಅವಳು ಉದ್ದ ಮುಸುಕನ್ನು ಮೊಣಕಾಲಿನ ಮೇಲಕ್ಕೆ ಬಾಚಿಕೊಂಡಳು. ದರ್ಜಿ ಹೈದ್ರಾ ಎದ್ದು ಬಾಗಿಲ ಹತ್ತಿರ ನಿಂತ. ನಜೀಬ್ ಮೊಬೈಲಿನಿಂದ ತಲೆ ಎತ್ತಿದ.

“ಏಯ್, ಹೊರಗೆ. ಕೊಡ್ತೀನಿ ಹೊರಗೆ.”

“ನನಗೇನೂ ಕೊಡೋದು ಬೇಡ. ಡಾಕ್ಟ್ರನ್ನ ಕರಿ.”

ಅಬ್ದುಲ್ ಬಾರಿ ಒಳಕೋಣೆಯಿಂದ ಬಂದ. ಮುಖದಲ್ಲಿ ನಗು ಇಟ್ಟುಕೊಂಡೇ ಬಂದ. ಏನು ತಾಯಿ, ಹೊರಗೇ ಹೇಳಬಾರದಿತ್ತಾ, ಇಲ್ಲಿ ಜನ ಇದ್ದಾರೆ, ಅಂದ. ಘಾಲಿಯಾ ಹೇಳಿದಳು. ಏರಿಸದೆ ಇಳಿಸದೆ, ಕಸದ ಗಾಡಿ ತುಂಬಿದೆ ಅಂತ ಮೇಸ್ತ್ರಿಗೆ ಹೇಳುವ ದನಿಯಲ್ಲಿ ಹೇಳಿದಳು. ಹಿಮ, ಬಾಯಾರಿಕೆ, ಉಸಿರು, ಮೋಟಾರ್ ಸೈಕಲ್ಲು, ನೆಲ. ನರ್ಸು ಹೇಳಿದ್ದು. ಹಣ್ಣಿನ ವಾಸನೆ. ಏಟನ್ನು ಮಾತ್ರ ಹೇಳಲಿಲ್ಲ. ಅದು ಅವರಿಗೆ ಕೊಡುವಂಥದ್ದಲ್ಲ.

ಡಾಕ್ಟ್ರು ನಜೀಬ್ ಕಡೆ ತಿರುಗಿ, ಕತ್ತೆ, ಅಂದ. ಹುಡುಗನಿಗೆ ತಿಳಿವಳಿಕೆ ಇಲ್ಲ, ಬೇರೆ ಇಡು ಅಂದ್ರೆ ಅಲ್ಲಿಟ್ಟಿದ್ದಾನೆ, ನನ್ನ ಕಡೆಯಿಂದ ಒಂದು ಹೊಸ ಬಾಟಲಿ ತಗೊಂಡು ಹೋಗು, ಮಾತು ಇಲ್ಲಿಗೇ ಬಿಡೋಣ, ಅಂದ.

“ಬಾಟಲಿ ಇದೆ,” ಅಂದಳು ಘಾಲಿಯಾ. ತೋರಿಸಿದಳು. “ಜಾಗ ಬೇಕು.”

“ಜಾಗ ಕೊಟ್ಟಿದ್ದೆನಲ್ಲ.”

“ಹೆಣ ಇಡೋ ಜಾಗ ಕೊಟ್ರಿ. ಇವರದೆಲ್ಲ ಎಲ್ಲಿದೆಯೋ ಅಲ್ಲಿ ಕೊಡಿ.”

ನಗು ಸ್ವಲ್ಪ ಸರಿಯಿತು. ಫ್ರಿಜ್ಜು ನನ್ನದು, ಅಂದ ಡಾಕ್ಟ್ರು. ಹೌದು ನಿಮ್ಮದೇ, ಅಂದಳು ಅವಳು. ನನಗೇನೂ ಭೇದ ಇಲ್ಲ, ದೇವರ ಮುಂದೆ ಎಲ್ಲ ಒಂದೇ, ಆದ್ರೆ ಗಿರಾಕಿಗಳ ಮನಸ್ಸೂ ನೋಡಬೇಕಲ್ಲ, ಅಂದ. ಬೇರೆ ಇಡು ಅಂದವರು ಇವರೇ, ಬೇಕಾದ್ರೆ ಇವರನ್ನೇ ಕೇಳು, ಅಂದ. ಹೀಗೆ ಹೇಳಿ ಅವನು ಗಿರಾಕಿಗಳ ಮೇಲೆ ಹಾಕಿ ಕೈ ತೊಳೆದುಕೊಂಡ. ಓದಿದವರ ಕೈಗಳು ಯಾವಾಗಲೂ ಹೀಗೇ ಸ್ವಚ್ಛ.

ಘಾಲಿಯಾ ಕೇಳಲಿಲ್ಲ. ಕೂತೇ ಇದ್ದಳು. ನಾಜಿಯ ತಾಯಿಯೇ ಅವಳ ಕಡೆ ತಿರುಗಿದಳು.

“ನಾನೇ ಅಂದಿದ್ದು. ಏನೀಗ? ದಿನವೆಲ್ಲ ತಿಪ್ಪೆಯಲ್ಲಿರೋ ಕೈ. ಅದು ಹಿಡಿದ ಬಾಟಲಿ ನನ್ನ ಬಾಟಲಿಗೆ ತಾಗಿಕೊಂಡು ಕೂತ್ರೆ, ನಾನು ಅದನ್ನ ಮೈಗೆ ಚುಚ್ಕೋಬೇಕಾ?”

“ಆ ತಿಪ್ಪೆ ನಿಮ್ಮನೇದು,” ಅಂದಳು ಘಾಲಿಯಾ.

ಹೈದ್ರಾ ಬಾಗಿಲ ಹತ್ತಿರ ಕೆಮ್ಮಿದ. ಕೆಮ್ಮಿನೊಳಗೆ ನಗು ಇತ್ತೋ ಏನೋ. ನಾಜಿಯ ತಾಯಿ ಎದ್ದಳು. ಮುಖ ಕೆಂಪಾಗಿತ್ತು. ನನ್ನದು ಕೊಡು ನಜೀಬ್, ನಾನು ಮನೆಯಲ್ಲೇ ಇಟ್ಕೋತೀನಿ, ಅಂದಳು. ಬಾಟಲಿ ಈಸಿಕೊಂಡು ಮುಸುಕಿನಲ್ಲಿ ಸುತ್ತಿಕೊಂಡು ಹೋದಳು. ಹೈದ್ರಾ ನೆಲ ನೋಡುತ್ತ, ನಂದೂ ಕೊಟ್ಬಿಡಪ್ಪ, ಅಂದ. ಅವನ ಹಿಂದೆ ಇನ್ನೊಬ್ಬ. ಸುದ್ದಿ ಬೀದಿಗೆ ಹೋಯಿತು. ಬರದೆ ಇದ್ದವರೂ ಬಂದರು, ಕೈ ಚಾಚಿದರು, ಹೋದರು. ಒಬ್ಬರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಾವು ಬಿದ್ದ ಬಾವಿಯಿಂದ ಕೊಡ ತೆಗೆದುಕೊಂಡು ಹೋಗುವ ಹಾಗೆ ಒಬ್ಬೊಬ್ಬರೇ ಬಂದು ತೆಗೆದುಕೊಂಡು ಹೋದರು. ಹೊರಗೆ ಬಿಸಿಲು ಇನ್ನೂ ಕುದಿಯುತ್ತಿತ್ತು. ಆ ಬಿಸಿಲಿಗೆ ತಮ್ಮ ಜೀವವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆದರು. ಅವಳ ಬಾಟಲಿಯ ಪಕ್ಕ ಇಡುವುದಕ್ಕಿಂತ ಅದೇ ವಾಸಿ ಅವರಿಗೆ.

ಕಂಬಿ ತಟ್ಟೆ ಬರಿದಾಯಿತು.

ನೋಡಿದೆಯಾ ಏನು ಮಾಡಿದೆ ಅಂತ, ಅಂದ ಡಾಕ್ಟ್ರು. ಈಗ ಅವನ ಮಾತಿನಲ್ಲಿ ‘ತಾಯಿ’ ಅನ್ನುವುದು ಇರಲಿಲ್ಲ. ಅಪ್ಪನ ಕಾಲದ ಗಿರಾಕಿಗಳು, ನನ್ನ ಅಂಗಡಿಗೆ ಬೆಂಕಿ ಇಟ್ಟೆ, ಎದ್ದು ಹೋಗು, ಇಲ್ಲ ಪೊಲೀಸರನ್ನು ಕರೀತೀನಿ, ಅಂದ.

“ಕರೀರಿ. ಠಾಣೆ ಕಕ್ಕಸು ತೊಳೆಯೋಳೂ ನಮ್ಮವಳೇ. ನಮ್ಮ ಗುರುತು ಅವರಿಗೆ ಚೆನ್ನಾಗಿದೆ.”

ಅವಳು ಎದ್ದಳು. ಹೋಗುತ್ತಾಳೆ ಅಂದುಕೊಂಡು ನಜೀಬ್ ಪಕ್ಕಕ್ಕೆ ಸರಿದ. ಅವಳು ಕೌಂಟರಿನ ಪಕ್ಕದ ಸಂದಿಯಿಂದ ಒಳಗೆ ಹೋದಳು, ಫ್ರಿಜ್ಜು ತೆಗೆದಳು. ತಣ್ಣನೆ ಗಾಳಿ ಮುಖಕ್ಕೆ ಬಂತು. ಕಣ್ಣು ಮುಚ್ಚಬೇಕು ಅನ್ನಿಸಿತು. ಬಾಟಲಿಯನ್ನು ಕಂಬಿ ತಟ್ಟೆಯ ನಟ್ಟನಡುವೆ ಇಟ್ಟಳು. ಚೀಲ ಇಲ್ಲ, ಚೀಟಿ ಇಲ್ಲ, ಬರಿ ಗಾಜು. ಬಾಗಿಲು ಹಾಕಿ, ಬಂದು, ಮತ್ತೆ ಕೂತಳು.

ತೆಗೆದು ಬಿಸಾಡೋ ಅದನ್ನ, ಅಂದ ಡಾಕ್ಟ್ರು.

ನಜೀಬ್ ಫ್ರಿಜ್ಜು ತೆಗೆದ. ಬಾಟಲಿಯನ್ನು ನೋಡಿದ. ಅದಕ್ಕೆ ಹಿಡಿದು ತೂಗಲು ಕಿವಿ ಇರಲಿಲ್ಲ. ಬರಿಗೈಯಲ್ಲಿ ಮುಟ್ಟಬೇಕು. ಅವನು ಡಾಕ್ಟ್ರ ಮುಖ ನೋಡಿದ. ಡಾಕ್ಟ್ರು ಅವನ ಮುಖ ನೋಡಿದ. ನೀವೇ ತೆಗೀರಿ ಅಂತ ಆಳು ಹೇಳುವ ಹಾಗಿಲ್ಲ, ನಾನೇ ತೆಗೀತೀನಿ ಅಂತ ಯಜಮಾನ ಹೇಳುವ ಹಾಗಿಲ್ಲ. ಕರೆಂಟು ವೇಸ್ಟು, ಹಾಕು ಬಾಗಿಲು, ಅಂತ ಡಾಕ್ಟ್ರು ಒಳಕೋಣೆಗೆ ಹೋದ.

ಹೊತ್ತು ಇಳಿಯಿತು. ಮಗ್ರಿಬ್ ಬಾಂಗು ಆಯಿತು. ಜ್ವರಕ್ಕೆ, ಕೆಮ್ಮಿಗೆ ಬಂದವರು ಅವಳನ್ನು ನೋಡಿ ಬಾಗಿಲಲ್ಲೇ ನಿಂತು ಕೇಳಿದರು. ನಜೀಬ್ ಎದ್ದು ಹೋಗಿ ಅವರಿಗೆ ಹೊರಗೆ ಕೊಟ್ಟು ಬಂದ. ಘಾಲಿಯಾಳ ತಲೆ ಎರಡು ಸಲ ಎದೆಗೆ ಜೋತಿತು. ಎರಡು ಸಲವೂ ಎಚ್ಚರಾಗಿ ಮೊದಲು ಫ್ರಿಜ್ಜು ನೋಡಿದಳು.

ಕತ್ತಲು ಇಳಿಯುವ ಹೊತ್ತಿಗೆ ನಾಜಿಯ ತಾಯಿ ಬಂದಳು. ಒಬ್ಬಳೇ. ಬೆವರಿ ಮುಸುಕು ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಸ್ಟೀಲಿನ ಲೋಟ, ಲೋಟದ ತುಂಬ ನೀರು, ನೀರಿನಲ್ಲಿ ಬಾಟಲಿ. ಮಂಜುಗಡ್ಡೆ ಹಾಕಿಟ್ಟಿದ್ದಳು ಅನ್ನಿಸುತ್ತದೆ. ಈಗ ಒಂದು ಚೂರೂ ಉಳಿದಿರಲಿಲ್ಲ. ಅವಳು ಯಾರ ಮುಖವನ್ನೂ ನೋಡದೆ ಸೀದಾ ಒಳಗೆ ಹೋಗಿ ಫ್ರಿಜ್ಜು ತೆಗೆದಳು. ಬಾಗಿಲು ಹಿಡಿದುಕೊಂಡು ನಿಂತಳು.

ಕೆಳಗಿನ ತಟ್ಟೆಯಲ್ಲಿ ಲಸಿಕೆಯ ಪೆಟ್ಟಿಗೆಗಳು ಒತ್ತಾಗಿದ್ದವು. ನಡುವಿನದರ ನಡುವೆ ಘಾಲಿಯಾಳ ಬಾಟಲಿ. ಅದರ ಪಕ್ಕ ಇಟ್ಟರೆ ಕಂಬಿಗಳು ನಡುವೆ ಬಾಗಿದ್ದರಿಂದ ಉರುಳಿಕೊಂಡು ಬಂದು ಒಂದಕ್ಕೊಂದು ತಾಗುವುದೇ.

“ನಿನ್ನದನ್ನ ಸ್ವಲ್ಪ ಆ ಕಡೆ ಸರಿಸು,” ಅಂದಳು ನಾಜಿಯ ತಾಯಿ, ಫ್ರಿಜ್ಜಿಗೆ ಹೇಳುವ ಹಾಗೆ.

ಘಾಲಿಯಾ ಏಳಲಿಲ್ಲ.

“ಬೈದು ಕೇಳಿದೆನಾ? ಮರ್ಯಾದೆಯಿಂದ ಕೇಳ್ತಿದೀನಿ. ಸರಿಸು.”

“ನನ್ನ ಕಾಲು ಸೋತಿದೆ,” ಅಂದಳು ಘಾಲಿಯಾ. “ನೀವೇ ಸರಿಸಿಕೊಳ್ಳಿ.”

ನಜೀಬ್ ಮೊಬೈಲ್ ಕೆಳಗಿಟ್ಟ. ಫ್ರಿಜ್ಜಿನ ಒಳಗಿನಿಂದ ತಂಪು ಹೊಗೆಯಾಗಿ ನೆಲಕ್ಕೆ ಸುರಿಯುತ್ತಿತ್ತು. ಒಳಕೋಣೆಯಿಂದ ಡಾಕ್ಟ್ರು, ಯಾರೋ ಅದು ಬಾಗಿಲು ತೆಗೆದಿಟ್ಟಿರೋದು, ಅಂದ. ನಾಜಿಯ ತಾಯಿ ಮುಸುಕಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳಲು ಹೋದಳು. ಒಂದು ಕೈಯಲ್ಲಿ ಲೋಟ, ಆಗಲಿಲ್ಲ. ಲೋಟ ಕೆಳಗಿಟ್ಟಳು. ಮುಸುಕು ಬೆವರಿಗೆ ಬೆನ್ನಿಗೇ ಕಚ್ಚಿಕೊಂಡಿತ್ತು, ಎಳೆದರೂ ಬರಲಿಲ್ಲ. ಸೂಜಿಯ ಹೊತ್ತು ಮೀರಿತ್ತು ಅನ್ನಿಸುತ್ತದೆ.

ಬರಿಬೆರಳಲ್ಲಿ ನೂಕಿದಳು. ಗಾಜು ಕಂಬಿಯ ಮೇಲೆ ಸರಿದ ಸದ್ದಾಯಿತು. ತನ್ನದನ್ನು ಇಟ್ಟಳು. ಅದು ಉರುಳಿ ಬಂದು ಟಕ್ ಅಂತ ತಾಗಿ ನಿಂತಿತು. ಅವಳು ಅದನ್ನು ನೋಡಿದಳು, ಬೆರಳು ನೋಡಿಕೊಂಡಳು.

ಆಗ ಘಾಲಿಯಾ ಎದ್ದಳು. ತನ್ನ ಬಾಟಲಿ ತೆಗೆದಳು. ತಣ್ಣಗಿತ್ತು, ಕಲ್ಲಾಗಿರಲಿಲ್ಲ. ಬೆಳಕಿಗೆ ಹಿಡಿದಳು. ಸಿರಿಂಜಿಗೆ ಎಳೆದುಕೊಂಡಳು, ಗುಳ್ಳೆ ಹೋಗುವ ಹಾಗೆ ಉಗುರಿನಿಂದ ತಟ್ಟಿದಳು, ಸೂಜಿಗೆ ಮುಚ್ಚಳ ಹಾಕಿದಳು. ಬಾಟಲಿಯನ್ನು ಮತ್ತೆ ಅಲ್ಲೇ ಇಟ್ಟಳು. ತಾಗಿಸಿಯೇ ಇಟ್ಟಳು.

“ಹುಡುಗಿಗೆ ಈಗ ಎಷ್ಟಿದೆ?” ಅಂತ ನಾಜಿಯ ತಾಯಿ ಕೇಳಿದಳು. ಸಂಜೆ ಸೇರಿದವರು ಒಬ್ಬರನ್ನೊಬ್ಬರು ಕೇಳುವ ಮಾತು ಅದು.

ಘಾಲಿಯಾ ಸಿರಿಂಜನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ಸೂಜಿಗೆ ಹೊತ್ತಾಗಿತ್ತು, ದಾರಿ ದೂರ ಇತ್ತು. ನಾಳೆ ಬೆಳಿಗ್ಗೆ ಮತ್ತೆ ಬರಬೇಕಿತ್ತು, ಮತ್ತೆ ಒಳಗೇ ಬರಬೇಕಿತ್ತು. ಅದಕ್ಕೆ ಬೇಕಾಗುವಷ್ಟು ಉಸಿರನ್ನು ಉಳಿಸಿಕೊಂಡು ಅವಳು ಹೊರಟಳು.